ಸೊನ್ನಲಿಗೆಯ ಕಲ್ಲುಗಳು



ಕಳೆದ ಶ್ರಾವಣಮಾಸದ ಪ್ರವಚನಮಾಲೆಯಲ್ಲಿ, ಪೂಜ್ಯರ ಅಪ್ಪಣೆಯಂತೆ, ಶೂನ್ಯಸಂಪಾದನೆಯ ಸಿದ್ಧರಾಮಯ್ಯಗಳ ಪ್ರಸಂಗವನ್ನು ಓದಿ ವಿವರಿಸುವ ಸೇವೆ ನನ್ನ ಪಾಲಿಗೆ ಬಂದಿತ್ತು. ಪ್ರಸಂಗ ಭಕ್ತರೆಲ್ಲ ಬಲ್ಲದ್ದೇ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುತ್ತಾರೆ. ಅಲ್ಲಿ ಸಿದ್ಧರಾಮಯ್ಯಗಳು ಕೆರೆ ಕಟ್ಟಿಸುತ್ತಿದ್ದಾರೆ, ಗುಡಿ ಕಟ್ಟಿಸುತ್ತಿದ್ದಾರೆ. ಅಸಂಖ್ಯ ಕೈಗಳು ಮಣ್ಣು ಅಗೆಯುತ್ತಿವೆ, ಕಲ್ಲು ಹೊರುತ್ತಿವೆ. ಪ್ರಭುಗಳು ಬೇಕೆಂದೇ ಹಗುರವಾಗಿ ಮಾತನಾಡಿ, ಸಿದ್ಧರಾಮಯ್ಯಗಳನ್ನು ಮಣ್ಣು ಹೊರುವ ಒಡ್ಡನೆಂದು ಕರೆಯುತ್ತಾರೆ. ತಮ್ಮ ಗುರುವನ್ನು ಹೀಗೆಂದ ಅಪರಿಚಿತನ ಮೇಲೆ ಕೆಲಸದವರು ಕೆರಳುತ್ತಾರೆ. ಕಲ್ಲಿನ ಮಳೆಯನ್ನೇ ಸುರಿಸುತ್ತಾರೆ. ಕಲ್ಲುಗಳು ಪ್ರಭುಗಳನ್ನು ಮುಟ್ಟುವುದಿಲ್ಲ, ರಾಶಿಯಾಗಿ ಬೀಳುತ್ತವೆ. ಅಲ್ಲಿಂದ ಕಥನದ ಕಣ್ಣು ಸಿದ್ಧರಾಮಯ್ಯಗಳತ್ತ ಸರಿಯುತ್ತದೆ: ಅವರ ಕೋಪ, ಪ್ರಭುಗಳೊಡನೆ ವಾದ, ಕೊನೆಗೆ ಅರಿವು.

ಕಲ್ಲು ಮುಟ್ಟಲಿಲ್ಲ ಎಂಬ ಮಾತಿಗೆ ಸಭೆ ಚಪ್ಪಾಳೆ ತಟ್ಟಿತು. ಆ ಸ್ಥಳದಲ್ಲಿ ಎಲ್ಲ ಊರಿನ ಸಭೆಯೂ ತಟ್ಟುತ್ತದೆ. ಕಲ್ಲೆಸೆದವರನ್ನು ಕುರಿತು ಎರಡು ಮಾತು ಹೇಳಬೇಕೆಂದು ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚಪ್ಪಾಳೆ ನಿಂತ ಮೇಲೆ ಗಂಟಲು ಕಟ್ಟಿದಂತಾಗಿ ಮುಂದಿನ ಪುಟಕ್ಕೆ ಹೋದೆ. ಸಭೆಯಲ್ಲಿ ಆಡದೆ ಉಳಿಸಿಕೊಂಡ ಆ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಕಲ್ಲೆಸೆದವರು ಯಾರು? ಪುಂಡರಲ್ಲ, ಯಾರಿಂದಲೋ ಹಣ ಪಡೆದು ಬಂದವರಲ್ಲ. ಬರದ ನಾಡಿಗೆ ನೀರಾಗಲೆಂದು ಬಿಸಿಲಿನಲ್ಲಿ ದುಡಿಯುತ್ತಿದ್ದ ಭಕ್ತರು. ಗುರುವಿನ ಮೇಲೆ ಅವರಿಗಿದ್ದ ಪ್ರೀತಿ ನಿಜವಾದದ್ದು, ಆ ಪ್ರೀತಿಯೇ ಅವರಿಂದ ಕಲ್ಲೆತ್ತಿಸಿತು. ಕೆರೆಯ ಏರಿಗೆಂದು ಹೊತ್ತು ತಂದದ್ದು ಒಂದು ಗಳಿಗೆಯಲ್ಲಿ ದಾರಿಹೋಕ ಜಂಗಮನ ತಲೆಗೆ ಗುರಿಯಾಯಿತು. ಶೂನ್ಯಸಂಪಾದನೆ ಎಂಥ ಗ್ರಂಥವೆಂದರೆ, ಅಲ್ಲಿ ಬಾಯಿ ತೆರೆದ ಶರಣರಿಗೆ ಒಂದು ಹೆಸರಿದೆ, ಒಂದು ಅಂಕಿತವಿದೆ. ತಾನಾಡಿದ ಮಾತಿಗೆ ತಾನು ಮುದ್ರೆ ಒತ್ತುತ್ತಾನೆ. ಕಲ್ಲೆಸೆಯುವಲ್ಲಿ ಮಾತ್ರ ಹೆಸರಿಲ್ಲ, ಅಂಕಿತವಿಲ್ಲ. ಕೆಲಸದವರು ಎಸೆದರು, ಅಷ್ಟೇ. ವಿದ್ಯಾರ್ಥಿಯಾಗಿದ್ದಾಗ ಈ ಪ್ರಸಂಗವನ್ನು ಎಷ್ಟೋ ಬಾರಿ ಓದಿದ್ದೇನೆ; ಯೋಗಿಗೂ ಜ್ಞಾನಿಗೂ ನಡೆದ ವಾದವೆಂದು ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೇನೆ. ಕಲ್ಲೆಸೆದವರ ಕಡೆ ನನ್ನ ಕಣ್ಣು ಹೋದದ್ದು 2018ರ ಕಾರಹುಣ್ಣಿಮೆಯ ನಂತರ.

ಆಗ ನಾನು ಎಂ.ಎ. ಮುಗಿಸಿ ಶ್ರೀಮಠದ ಗ್ರಂಥಾಲಯದ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ಆ ವರ್ಷದ ಬೇಸಿಗೆಯಿಂದಲೇ ಎಲ್ಲರ ಮೊಬೈಲಿನಲ್ಲಿ ಒಂದು ಸುದ್ದಿ ಓಡಾಡುತ್ತಿದ್ದುದು ತಮಗೆ ನೆನಪಿರಬಹುದು. ಹೊರಗಿನಿಂದ ಮಕ್ಕಳ ಕಳ್ಳರ ತಂಡಗಳು ಬಂದಿವೆ, ಊರೂರಲ್ಲಿ ಇಳಿದಿವೆ, ಎಚ್ಚರವಾಗಿರಿ ಎಂಬುದು. ಅದನ್ನು ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ನಾನೂ ಕಳಿಸಿದ್ದೆ. ನಂಬಿ ಕಳಿಸಿದೆಯಾ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಅಕ್ಕನ ಮಕ್ಕಳು ಸಣ್ಣವರು, ಇರಲಿ ಎಂದು ಕಳಿಸಿದೆ. ಗಾದೆಗಳ ಮೇಲೆ ಸಂಪ್ರಬಂಧ ಬರೆದವನು, ಮಾತಿನ ಮೂಲ ಹುಡುಕುವ ಶಿಸ್ತು ಕಲಿತವನು, ಆ ಮಾತಿನ ಮೂಲ ಯಾವುದೆಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಕಾರಹುಣ್ಣಿಮೆಯ ಸಂಜೆ ನಮ್ಮೂರ ಅಗಸಿಯ ಮುಂದೆ ಕರಿ ಹರಿಯುತ್ತಾರೆ. ಕೋಡಿಗೆ ಬಣ್ಣ ಬಳಿದುಕೊಂಡ ಎತ್ತುಗಳು, ಹಲಗೆಯ ಸದ್ದು, ಮಾಳಿಗೆಗಳ ಮೇಲೆ ಹೆಂಗಸರು ಮಕ್ಕಳು. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು, ಜನ ಖುಷಿಯಲ್ಲಿದ್ದರು. ಇದನ್ನು ಒತ್ತಿ ಹೇಳುತ್ತಿದ್ದೇನೆ. ದ್ವೇಷ ಹೊತ್ತು ನೆರೆದ ಜನವಾಗಿರಲಿಲ್ಲ ಅದು. ಎತ್ತುಗಳು ಓಡಿ ಮುಗಿದ ಮೇಲೂ ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಆ ಹೊತ್ತಿಗೆ ಶಾಲೆಯ ಗೋಡೆಯ ಕಡೆಯಿಂದ ಒಂದು ಕೂಗು ಕೇಳಿತು. ಎಲ್ಲರೂ ಓಡಿದರು. ನಾನೂ ಓಡಿದೆ.

ಸುಮಾರು ನಲವತ್ತು ವಯಸ್ಸಿನ ಒಬ್ಬ ಗಂಡಸು, ಹೆಗಲಿಗೊಂದು ಬಟ್ಟೆಯ ಗಂಟು. ಯಾವುದೋ ಮಗುವಿಗೆ ಒಂದು ಪುಗ್ಗಾ ಕೊಟ್ಟನಂತೆ. ನಮ್ಮ ಕಡೆ ಬಲೂನಿಗೆ ಪುಗ್ಗಾ ಎನ್ನುತ್ತಾರೆ. ಯಾವ ಊರು ಎಂದು ಕೇಳಿದರು. ಹೆಸರೇನು ಎಂದರು. ಇಲ್ಲಿಗೇಕೆ ಬಂದೆ ಎಂದರು. ಅವನು ಏನೋ ಹೇಳಿದ. ತೆಲುಗು ಬೆರೆತ ಕನ್ನಡವೆಂಬುದು ನನಗೆ ತಿಳಿಯಿತು, ಮಾತು ತಿಳಿಯಲಿಲ್ಲ. ಮೊದಲ ಏಟು ಬಿದ್ದುದನ್ನು ನಾನು ನೋಡಲಿಲ್ಲ, ಸದ್ದು ಕೇಳಿದೆ. ನಾನು ಮೂರನೆಯ ಸಾಲಿನಲ್ಲಿದ್ದೆ. ನಾಲ್ಕಾರು ಮೊಬೈಲುಗಳು ಮೇಲೆದ್ದಿದ್ದವು. ಅವನ ಗಂಟನ್ನು ಯಾರೋ ಕಸಿದುಕೊಂಡರು. ಅದು ಕೈಯಿಂದ ಕೈಗೆ, ತಲೆಗಳ ಮೇಲಿಂದ ದಾಟುತ್ತ ಹಿಂದಕ್ಕೆ ಬಂತು. ಬಂದು ನನ್ನ ಕೈಯಲ್ಲಿ ನಿಂತಿತು.

ಅದನ್ನು ಹಾಗೇ ಹಿಡಿದುಕೊಂಡು ನಿಲ್ಲಬಹುದಿತ್ತು. ಪಕ್ಕದವನಿಗೆ ದಾಟಿಸಬಹುದಿತ್ತು. ಪೊಲೀಸರು ಬರಲಿ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿರೆಂದು ಹೇಳಿದ್ದರೆ, ಮಠದಲ್ಲಿರುವವನು ಎಂಬ ಕಾರಣಕ್ಕಾದರೂ ನಾಲ್ಕು ಜನ ಕೇಳುತ್ತಿದ್ದರೇನೋ. ನಾನು ಗಂಟನ್ನು ಬಿಚ್ಚಿದೆ. ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈ, ಹಣೆಯ ಮೇಲೆ ವಿಭೂತಿ ಇನ್ನೂ ಇತ್ತು.

ಗಂಟಿನಿಂದ ಕೂದಲು ಬಿದ್ದವು. ಹೆಂಗಸರ ತಲೆಗೂದಲು, ಕರಿಯವು, ಕೆಂಚು, ನರೆತವು, ಉಂಡೆ ಉಂಡೆಯಾಗಿ. ಆಗ ಎದ್ದ ಸದ್ದನ್ನು ಬರೆಯಲು ನನಗೆ ಪದವಿಲ್ಲ. ಕಳ್ಳನೇ ಹೌದು ಎಂಬುದಕ್ಕೆ ಎಲ್ಲರಿಗೂ ಸಾಕ್ಷಿ ಸಿಕ್ಕಿತ್ತು. ಕೂದಲಿಗೂ ಮಕ್ಕಳ ಕಳ್ಳತನಕ್ಕೂ ಏನು ಸಂಬಂಧವೆಂದು ಕೇಳುವಷ್ಟು ಸಮಾಧಾನ ಅಲ್ಲಿ ಯಾರಿಗೂ ಇರಲಿಲ್ಲ. ಈಗ ಶಾಂತವಾಗಿ ಕುಳಿತು ಓದುವವರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಆ ಗಂಟಿನ ಅರ್ಥ ನಮ್ಮ ಸೀಮೆಯ ಹಳ್ಳಿಗಳಲ್ಲಿ ತಿಳಿಯದವರಿಲ್ಲ. ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ಕೂದಲು ಕೊಳ್ಳುವವನು ಬಂದಾಗ ಅದನ್ನು ಕೊಟ್ಟು ಪಿನ್ನು, ಸೂಜಿ, ಮಕ್ಕಳಿಗೆ ಪುಗ್ಗಾ ತೆಗೆದುಕೊಳ್ಳುತ್ತಾರೆ. ನನ್ನ ತಾಯಿಯೂ ಇಟ್ಟಿರುತ್ತಾಳೆ. ಬಾಲ್ಯದಲ್ಲಿ ಆ ಉಂಡೆಗಳನ್ನು ಕೊಟ್ಟು ನಾನೇ ಪುಗ್ಗಾ ಪಡೆದಿದ್ದೇನೆ. ಹಾಗಿದ್ದೂ ಆ ಕ್ಷಣದಲ್ಲಿ ಅಲ್ಲಿದ್ದ ಇನ್ನೂರು ಜನರಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ನನಗೂ ಆಗಲಿಲ್ಲ. ನಮಗೆಲ್ಲ ಗೊತ್ತಿದ್ದ ಸಂಗತಿ ಗುಂಪಿಗೆ ಗೊತ್ತಿರಲಿಲ್ಲ.

ನಮ್ಮ ಓಣಿಯ ಆಯಿಯೊಬ್ಬರು, ಬೆನ್ನು ಬಾಗಿದವರು, ಜನರನ್ನು ಮೊಣಕೈಯಿಂದ ನೂಕುತ್ತ ಒಳಗೆ ಬಂದರು. ನೆಲದ ಮೇಲಿನ ರಾಶಿಗೆ ಬಗ್ಗಿ ಒಂದು ಬೆಳ್ಳನೆಯ ಉಂಡೆ ಎತ್ತಿಕೊಂಡು ಹೇಳಿದರು: "ಇದು ನನ್ನ ಕೂದ್ಲ. ಮುಂಜಾನಿ ನಾನ ಕೊಟ್ಟೀನಿ. ಎಂಟು ಪಿನ್ನ ಕೊಡಾವ, ಆರು ಕೊಟ್ಟಾನ." ಬಳೆಗೆ ಸಿಕ್ಕಿಸಿಕೊಂಡಿದ್ದ ಹೊಸ ಪಿನ್ನುಗಳನ್ನು ಕೈಯೆತ್ತಿ ತೋರಿಸಿದರು. ಯಾರೋ ನಕ್ಕರು. ನಗು ಅಲ್ಲಿಂದಿಲ್ಲಿಗೆ ಹರಿಯಿತು. ಹೊಡೆದವರೂ ನಕ್ಕರು. ಹತ್ತು ನಿಮಿಷದಲ್ಲಿ ಅಲ್ಲಿ ಗುಂಪೇ ಇರಲಿಲ್ಲ. ಆ ಮನುಷ್ಯ ಒಡೆದ ತುಟಿಯನ್ನು ತೋಳಿಗೆ ಒರೆಸಿಕೊಳ್ಳುತ್ತ ಕುಕ್ಕರುಗಾಲಲ್ಲಿ ಕುಳಿತು ಕೂದಲು ಆಯತೊಡಗಿದ. ಬಟ್ಟೆ ನನ್ನ ಕೈಯಲ್ಲೇ ಇತ್ತು. ಕೊಟ್ಟೆ. ನನ್ನ ಮುಖ ನೋಡದೆ ತೆಗೆದುಕೊಂಡ. ಬಸ್ಸಿಗೂ ಕಾಯದೆ ಡಾಂಬರು ರಸ್ತೆ ಹಿಡಿದು ನಡೆದುಹೋದ. ನಾನಾಗಲಿ ಬೇರೆ ಯಾರಾಗಲಿ ಅವನಲ್ಲಿ ತಪ್ಪಾಯಿತೆಂದು ಹೇಳಲಿಲ್ಲ.

ಎರಡು ವಾರ ಕಳೆದು, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತು. ಅವರಲ್ಲೊಬ್ಬ ಯುವಕನನ್ನು ಜನ ಹೊಡೆದು ಕೊಂದರು, ಉಳಿದವರು ಗಾಯಗೊಂಡರು. ಬಸವಕಲ್ಯಾಣವಿರುವ ಜಿಲ್ಲೆ ಅದು. ಗ್ರಂಥಾಲಯದಲ್ಲಿ ಪತ್ರಿಕೆ ಹಿಡಿದು ಕುಳಿತವನಿಗೆ ಬೆವರು ಬಂತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಕಳಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿದರು. ನಾನು ಕಳಿಸಿದ್ದು ಒಂದೇ ಕಡೆಗೆ. ಅಲ್ಲಿ ನಲವತ್ತು ಜನರಿದ್ದರು.

ಆನಂತರ ಓದಿದ್ದ ಪುಸ್ತಕಗಳನ್ನೇ ಮತ್ತೆ ತೆಗೆದೆ. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಒಂದು ಪುಟ್ಟ ದೃಶ್ಯವಿದೆ. ಪ್ರದರ್ಶನದಲ್ಲಿ ಎಷ್ಟೋ ಸಲ ಬಿಟ್ಟುಬಿಡುತ್ತಾರಂತೆ. ಆಂಟನಿಯ ಭಾಷಣ ಕೇಳಿ ರೊಚ್ಚಿಗೆದ್ದ ರೋಮಿನ ಜನಕ್ಕೆ ದಾರಿಯಲ್ಲಿ ಸಿನ್ನಾ ಎಂಬ ಕವಿ ಸಿಗುತ್ತಾನೆ. ಸೀಸರನನ್ನು ಕೊಂದವರಲ್ಲಿ ಒಬ್ಬನ ಹೆಸರೂ ಸಿನ್ನಾ. ಇವನು ಆ ಸಿನ್ನಾ ಅಲ್ಲ. ಜನ ಅವನನ್ನು ಪ್ರಶ್ನಿಸುತ್ತಾರೆ: ಹೆಸರು, ಎಲ್ಲಿಗೆ ಹೊರಟಿರುವುದು, ವಾಸ ಎಲ್ಲಿ, ಮದುವೆಯಾಗಿದೆಯೇ. ಅವನು ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ತಾನು ಕವಿಯೆಂದೂ ಹೇಳುತ್ತಾನೆ. ಹಾಗಾದರೆ ಕೆಟ್ಟ ಪದ್ಯ ಬರೆದುದಕ್ಕೇ ಸಾಯಲಿ ಎಂಬ ಧಾಟಿಯಲ್ಲಿ ಜನ ಅವನ ಮೇಲೆ ಬೀಳುತ್ತಾರೆ. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ನಾವು ನಕ್ಕಿದ್ದೆವು. ಶಾಲೆಯ ಗೋಡೆಯ ಬಳಿ ಕೇಳಿದ ಪ್ರಶ್ನೆಗಳು ಇವೇ ಅಲ್ಲವೇ? ಗುಂಪು ಪ್ರಶ್ನೆ ಕೇಳುವುದಿಲ್ಲವೆಂದು ನಾನು ತಿಳಿದಿದ್ದೆ. ಬಹಳ ಕೇಳುತ್ತದೆ. ಉತ್ತರಕ್ಕೆ ಕಾಯುವುದಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಗಿರೀಶ ಕಾರ್ನಾಡರ ತಲೆದಂಡ. ಕಲ್ಯಾಣದ ಕಥೆಯಾದ್ದರಿಂದ ನಮ್ಮ ಮನೆಯದೇ ಕಥೆ. ಮಂದಿರ, ಮಂಡಲಗಳ ಗಲಭೆ ದೇಶವನ್ನು ಕಲಕುತ್ತಿದ್ದ ಹೊತ್ತಿನಲ್ಲಿ ಬರೆದು 1990ರಲ್ಲಿ ಪ್ರಕಟವಾದ ಈ ನಾಟಕಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಸವಣ್ಣನವರ ಚಿತ್ರಣದ ಬಗೆಗೆ ಭಕ್ತರಲ್ಲಿ ಭಿನ್ನಾಭಿಪ್ರಾಯಗಳಿರಬಹುದು, ನನಗೂ ಒಂದೆರಡಿವೆ. ಆದರೆ ಜಗದೇವನ ಚಿತ್ರ ಬೇರೆಯೇ.

ನಾಟಕ ತೆರೆಯುವಾಗ ಜಗದೇವನ ತಂದೆ ಸಾಂಬಶಿವ ಶಾಸ್ತ್ರಿ ಮರಣಶಯ್ಯೆಯಲ್ಲಿ ಮಗನನ್ನು ಕರೆಯುತ್ತಿದ್ದಾನೆ. ಮಗ ಮನೆಯಲ್ಲಿಲ್ಲ. ಬಸವಣ್ಣನವರು ಊರಲ್ಲಿಲ್ಲದಾಗ ರಾಜಕುಮಾರ ಸೋವಿದೇವ ಲೆಕ್ಕ ನೋಡುವ ನೆಪದಲ್ಲಿ ಭಂಡಾರಕ್ಕೆ ಬಂದಿದ್ದಾನೆ. ಜಗದೇವ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಮುತ್ತಿಗೆ ಹಾಕಿದ್ದಾನೆ. ಈ ಗುಂಪಿನ ಕಡೆಯೇ ನ್ಯಾಯವಿದೆ ಎಂಬುದನ್ನು ಗಮನಿಸಬೇಕು. ಬಸವಣ್ಣನವರು ಪ್ರಾಮಾಣಿಕರು, ಲೆಕ್ಕ ಸರಿಯಾಗಿದೆ, ಸೋವಿದೇವನ ಉದ್ದೇಶ ಕೆಟ್ಟದ್ದು. ಮುತ್ತಿಗೆ ಗೆಲ್ಲುತ್ತದೆ. ಹಣ ಸರಿಯಾಗಿದ್ದುದೇ ಪವಾಡವೆಂದು ಜನ ಕೊಂಡಾಡುತ್ತಾರೆ. ಬಸವಣ್ಣನವರು ಪವಾಡವನ್ನು ಒಪ್ಪುವುದಿಲ್ಲ, ಅದರಿಂದ ನೊಂದುಕೊಳ್ಳುತ್ತಾರೆ. ಪ್ರಾಮಾಣಿಕತೆಯನ್ನು ಪವಾಡ ಮಾಡಿದರೆ ನಾಳೆ ಯಾರು ತಾನೇ ಪ್ರಾಮಾಣಿಕರಾಗಿರಬೇಕು? ಜಗದೇವನಿಗೆ ಇದು ರುಚಿಸುವುದಿಲ್ಲ. ಜನರ ಜಯಕಾರ ಒಮ್ಮೆ ಕಿವಿಗೆ ಬಿದ್ದ ಹುಡುಗನಿಗೆ ಮೌನ ಸಪ್ಪೆಯಾಗುತ್ತದೆ. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆಯಾದ ಮೇಲೆ, ಹಿಂಸೆ ಬೇಡವೆಂಬ ಗುರುವಿನ ಮಾತನ್ನು ಮೀರಿ, ಬಿಜ್ಜಳನನ್ನು ಕೊಲ್ಲುವವನೂ ಈ ಜಗದೇವನೇ. ಗುರುವಿನ ಹೆಸರಿನಲ್ಲಿ ಗುರುವನ್ನೇ ಮೀರುತ್ತಾನೆ. ಅನಂತರ ಕಲ್ಯಾಣದಲ್ಲಿ ಶರಣರ ಬೇಟೆ.

ಪುರಾಣಗಳಲ್ಲಿ ಇದೇ ಜಗದೇವ ವೀರ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಾಗಲಿ, 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದಾಗಲಾಗಲಿ, ಬಿಜ್ಜಳನ ವಧೆ ಶಿವಭಕ್ತರಿಗಾದ ಅನ್ಯಾಯಕ್ಕೆ ಪ್ರತೀಕಾರ. ಬಾಲ್ಯದಲ್ಲಿ ಪುರಾಣ ಹಚ್ಚಿದಾಗ ಆ ಭಾಗ ಬಂದರೆ ನಾವು ಮಕ್ಕಳು ಎದ್ದು ನಿಲ್ಲುತ್ತಿದ್ದೆವು. ಇಲ್ಲಿ ಪುರಾಣವನ್ನು ಹಳಿಯುವ ಉದ್ದೇಶ ನನಗಿಲ್ಲ. ಪೆಟ್ಟು ತಿಂದು ಚದುರಿದ ಸಮುದಾಯಕ್ಕೆ ಆ ಕಥೆ ಬೇಕಿತ್ತು. ಆದರೆ ಅದೇ ಸಮುದಾಯ ಒಂದು ಪುಸ್ತಕದ ಮುಂದೆ ಗುಂಪಾಗಿ ನಿಂತಾಗ ಏನಾಯಿತು ಎಂಬುದನ್ನೂ ನೋಡಬೇಕಾಗುತ್ತದೆ. ಎಚ್.ಎಸ್. ಶಿವಪ್ರಕಾಶರ ಮಹಾಚೈತ್ರ 1986ರ ನಾಟಕ, ಅದೂ ಕಲ್ಯಾಣವನ್ನು ಕುರಿತದ್ದೇ. 1990ರ ದಶಕದಲ್ಲಿ ಅದನ್ನು ನಿಷೇಧಿಸಬೇಕೆಂದು ಗದ್ದಲವೆದ್ದಿತು. ಆಗ ಮೆರವಣಿಗೆಗೆ ಹೋಗಿದ್ದ ಹಿರಿಯರೊಬ್ಬರನ್ನು ನಾಲ್ಕು ವರ್ಷದ ಹಿಂದೆ ನಾನು ಕೇಳಿದೆ, ಯಜಮಾನರೇ, ಆ ನಾಟಕದಲ್ಲಿ ತಮಗೆ ಯಾವ ಮಾತು ನೋವು ಮಾಡಿತು ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಿಲ್ಲಪಾ. ಎಲ್ಲಾರೂ ಹೊಂಟಿದ್ರು" ಎಂದರು. ಸುಳ್ಳಾಡದ ಮನುಷ್ಯ. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಮಹಾಚೈತ್ರದ ಪ್ರತಿಯನ್ನು ಗ್ರಂಥಾಲಯದಿಂದ ತಂದುಕೊಟ್ಟೆ. ಓದಿ ಹಿಂದಿರುಗಿಸಿದರು, ಅಭಿಪ್ರಾಯ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶೂನ್ಯಸಂಪಾದನೆಗೆ ಮರಳುತ್ತೇನೆ. ಸೊನ್ನಲಿಗೆಯಲ್ಲಿ ನೆರೆದದ್ದೂ ಭಕ್ತರು, ಕಲ್ಯಾಣದ ಅನುಭವಮಂಟಪದಲ್ಲಿ ನೆರೆದದ್ದೂ ಭಕ್ತರು. ಅಲ್ಲಿಗೂ ಒಬ್ಬ ಅಪರಿಚಿತೆ ಬರುತ್ತಾಳೆ. ಅರಮನೆ ಬಿಟ್ಟು, ಉಡುಗೆ ಬಿಟ್ಟು, ಕೂದಲನ್ನೇ ಮರೆಯಾಗಿ ಹೊದ್ದು ಒಬ್ಬಂಟಿಯಾಗಿ ಬಂದ ಹೆಣ್ಣು. ಒಂದು ಗುಂಪು ರೊಚ್ಚಿಗೇಳಲು ಇದಕ್ಕಿಂತ ಹೆಚ್ಚಿನದೇನು ಬೇಕು? ಪ್ರಭುಗಳು ಅಕ್ಕನನ್ನು ಪ್ರಶ್ನಿಸುತ್ತಾರೆ. ಆ ಪ್ರಶ್ನೆಗಳು ಮೃದುವಾಗಿಲ್ಲ, ಇಂದಿಗೂ ಓದುವಾಗ ಸಂಕೋಚವಾಗುತ್ತದೆ. ಗಂಡನ ಬಗೆಗೆ ಕೇಳುತ್ತಾರೆ, ಕೂದಲಿನ ಮರೆಯೇಕೆ ಎಂದು ಕೇಳುತ್ತಾರೆ. ಆದರೆ ಕೇಳುತ್ತಿರುವವರು ಒಬ್ಬರು. ತಮ್ಮ ಹೆಸರಿನಲ್ಲಿ, ತಮ್ಮ ಅಂಕಿತದಲ್ಲಿ ಕೇಳುತ್ತಿದ್ದಾರೆ. ಕೇಳಿ ಸುಮ್ಮನಾಗುತ್ತಾರೆ. ಅಕ್ಕ ಹೇಳುತ್ತಾಳೆ. ಸಭೆ ಪೂರ್ತಿ ಕೇಳುತ್ತದೆ. ಉತ್ತರ ಮುಗಿದ ಮೇಲೆ ಕೇಳಿದವರೇ ಅವಳಿಗೆ ಶರಣೆನ್ನುತ್ತಾರೆ. ಈ ಭಾಗವನ್ನು ಈಗ ಓದುವಾಗ ನಾನು ಮಂಟಪದಲ್ಲಿ ಕುಳಿತಿದ್ದ ಉಳಿದವರನ್ನು ಕುರಿತು ಯೋಚಿಸುತ್ತೇನೆ. ಅವರಲ್ಲಿ ಕೆಲವರಿಗಾದರೂ ಸಿಟ್ಟು ಬಂದಿರಬೇಕು. ಕೈ ಕಟ್ಟಿಕೊಂಡು ಕುಳಿತಿದ್ದರು.

ಸೊನ್ನಲಿಗೆಯಲ್ಲಿ ಕಲ್ಲೆಸೆದವರು ಮರುದಿನ ಕೆಲಸಕ್ಕೆ ಬಂದಿರಬೇಕಲ್ಲವೇ? ಆ ಕಲ್ಲುಗಳನ್ನೇ ಎತ್ತಿ ಏರಿಗೆ ಇಟ್ಟಿರಬೇಕು. ಯಾರ ಕಲ್ಲು ಯಾವುದೆಂದು ಅವರಿಗೆ ಗುರುತು ಸಿಕ್ಕಿತೋ ಇಲ್ಲವೋ.

ಮರುವರ್ಷದ ನಾಗಪಂಚಮಿಗೆ ಊರಿಗೆ ಹೋದಾಗ ಆಯಿಯ ಮನೆಗೆ ಹೋದೆ. ಅವರಿಗೆ ಕಣ್ಣು ಮಂಜಾಗಿತ್ತು. ಹತ್ತಿರ ಕೂರಿಸಿಕೊಂಡು ಕೈ ಹಿಡಿದು, ಯಾರ ಮಗ ಎಂದು ಕೇಳಿದರು. ಹೇಳಿದೆ. ಅಳ್ಳಿಟ್ಟಿನ ಉಂಡೆ ಕೊಟ್ಟರು. ಮಠದ ಸುದ್ದಿ, ಪೂಜ್ಯರ ಆರೋಗ್ಯ, ನನ್ನ ಮದುವೆಯ ವಿಚಾರ ಎಲ್ಲ ಮುಗಿಯಿತು. ಎದ್ದು ಹೊರಡುವಾಗ ಕೈ ಬಿಡದೆ, ಸಿಟ್ಟಿನ ಸುಳಿವೂ ಇಲ್ಲದೆ ಕೇಳಿದರು:

"ಅಂದ ಆ ಗಂಟು ಬಿಚ್ಚಾಕ ನಿನಗ ಯಾರು ಹೇಳಿದ್ರೋ ತಮ್ಮಾ?"

ಆಯಿ ಉತ್ತರಕ್ಕೆ ಕಾಯುತ್ತಿದ್ದರು. ಯಾರೂ ಹೇಳಿರಲಿಲ್ಲ.